ಎದುರಾಳಿಯ ಕೈಯಲ್ಲಿ ಮೈಕ್

ಆ ಮನೆಯಲ್ಲಿ ಜಗಳವನ್ನು ಶನಿವಾರಕ್ಕೆ ಎತ್ತಿಡುವ ಪದ್ಧತಿಯಿತ್ತು. ಬುಧವಾರ ಬೆಳಗ್ಗೆ ನಾದಿನಿ ಬಚ್ಚಲು ಸೇರಿ ಇದ್ದಬದ್ದ ಬಿಸಿನೀರನ್ನೆಲ್ಲ ಖಾಲಿ ಮಾಡಿದರೂ ಅತ್ತಿಗೆ ಬಾಗಿಲು ಬಡಿಯುತ್ತಿರಲಿಲ್ಲ. "ಬರ್ಲಿ ಶನಿವಾರ, ಇದೆ ನಿನಗೆ" ಎಂದಷ್ಟೇ ಹೇಳಿ, ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಕೆಲಸಕ್ಕೆ ಹೊರಡುತ್ತಿದ್ದಳು. ಗುರುವಾರ ಅತ್ತಿಗೆ ಅಡುಗೆಗೆ ಖಾರ ಸುರಿದು ನಾದಿನಿಯ ಕಣ್ಣಲ್ಲಿ ನೀರು ತರಿಸಿದರೆ ಅವಳೂ ಹಾಗೆಯೇ, "ಶನಿವಾರ" ಎಂದು ಬೆರಳು ತೋರಿಸಿ ನೀರಿನ ಚೊಂಬೆತ್ತುತ್ತಿದ್ದಳು. ಇವರ ನಡುವೆ ಸಿಕ್ಕವನು ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ಲಾರಿ ಡ್ರೈವರ್. ವಾರದಲ್ಲಿ ಅರ್ಧ ಭಾಗ ರಸ್ತೆಯ ಮೇಲೇ ಕಳೆಯುವ ಅವನಿಗೆ ಮನೆಯಲ್ಲಿ ಶಾಂತಿಯಿದ್ದರೆ ಸಾಕಿತ್ತು. ಅದು ಯಾವ ದಾರಿಯಿಂದ ಬಂತೆಂದು ಅವನು ಕೇಳುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಇಬ್ಬರೂ ಟೈರ್ ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ, ತುಂಬಿದ ಜನರ ಮುಂದೆ ನಿಂತು, ಪ್ರಾಸ ಹಾಕಿ ಜಗಳವಾಡುತ್ತಿದ್ದರು. ಅದು ಅವರ ರ‍್ಯಾಪ್. ಅವರ ಜೋಡಿಗೆ ಯಾರೂ ಹೆಸರಿಡಬೇಕಾಗಿರಲಿಲ್ಲ. 'ಅತ್ತಿಗೆ-ನಾದಿನಿ' ಎಂದರೆ ಊರಿಗೆಲ್ಲ ಗೊತ್ತು.

ಆ ಗೋದಾಮಿನ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿಯ ಯಜಮಾನನನ್ನು ಎಲ್ಲರೂ ಟೈರಣ್ಣ ಎನ್ನುತ್ತಿದ್ದರು. ಹಳೆಯ ಟೈರು ಮಾರಿ ಖಾಲಿಯಾದ ಜಾಗದಲ್ಲಿ ಅವನ ಅಂಗಡಿಯ ಹುಡುಗರು ಸುಮ್ಮನೆ ಕೂಗಾಡಲು ಶುರುಮಾಡಿದ್ದೇ ಮೂಲ. ಆಮೇಲೆ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವವನೊಬ್ಬ ಬಂದ. ಮಹಡಿ ಮಹಡಿಗೂ ಹತ್ತುವ ಇಳಿಯುವ ರೋಗಿಗಳ, ಸಂಬಂಧಿಕರ, ಡಾಕ್ಟರುಗಳ ಕಥೆಯನ್ನು ಅವನು ಒಂದೇ ಉಸಿರಿನಲ್ಲಿ ಹಾಡಿದರೆ ಕೇಳುವವರ ಹೊಟ್ಟೆ ಹುಣ್ಣಾಗುತ್ತಿತ್ತು, ಕೊನೆಗೆ ಕಣ್ಣೂ ಒದ್ದೆಯಾಗುತ್ತಿತ್ತು. ಅವನಿಗೆ 'ಲಿಫ್ಟ್' ಎಂದೇ ಹೆಸರಾಯಿತು. ಅವನ ಹಿಂದೆ ಗಾಜು ಕತ್ತರಿಸುವವರು, ಹಾಲಿನ ಗಾಡಿಯವರು, ಕಾಲೇಜಿನವರು, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಅತ್ತಿಗೆ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ನಾದಿನಿ. ಕೂರಲು ಟೈರು, ಒರಗಲು ಟೈರು. ಮನೆಗೆ ಬಂದು ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಕೂದಲಿನಿಂದ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ.

ಇದ್ದದ್ದು ಒಂದೇ ಮೈಕು, ಅದಕ್ಕೆ ಸ್ಟ್ಯಾಂಡೂ ಇಲ್ಲ. ಅದು ಸಿಕ್ಕವನು ಬಿಡುತ್ತಿರಲಿಲ್ಲ. ನಮ್ಮಲ್ಲಿ ಮೈಕು ಸಿಕ್ಕವರು ಎಲ್ಲಿ ತಾನೇ ಬಿಟ್ಟಿದ್ದಾರೆ! ಒಂದು ದಿನ ಇಬ್ಬರು ಅದಕ್ಕಾಗಿ ಕೈಕೈ ಮಿಲಾಯಿಸಿದಾಗ ಟೈರಣ್ಣ ನಡುವೆ ಬಂದು ಗದರಿದ.

"ಹಾಡೋನ ಕೈಗೆ ಮೈಕ್ ಕೊಡಲ್ಲ. ನೀನು ಹಾಡು, ಅವನು ಹಿಡ್ಕೊಳ್ಳಲಿ. ಅವನು ಹಾಡುವಾಗ ನೀನು ಹಿಡ್ಕೋ. ಆಗ ನೋಡೋಣ ನಿಮ್ಮ ಬಾಯಿ."

ಜಗಳ ಬಿಡಿಸಲು ಹೇಳಿದ ಮಾತು ಗೋದಾಮಿನ ಕಾನೂನಾಯಿತು. ನೀವು ಯಾರನ್ನು ಬೈಯುತ್ತೀರೋ ಅವನೇ ನಿಮ್ಮ ಬಾಯಿಗೆ ಮೈಕ್ ಹಿಡಿಯಬೇಕು. ಒಂದು ಮೊಳ ದೂರದಲ್ಲಿ ಅವನ ಮುಖ, ಅವನ ಉಸಿರು. ನಿಮ್ಮ ಸಾಲು ಅತಿಯಾಯಿತೆಂದು ಅನಿಸಿದರೆ ಅವನು ಮೈಕ್ ಇಳಿಸಬಹುದು. ಇಳಿಸಿದರೆ ಆ ಸಾಲು ಅಲ್ಲಿಗೆ ಸತ್ತಿತು, ಮತ್ತೆ ಯಾರೂ ಅದನ್ನು ಹೇಳುವಂತಿಲ್ಲ. ಹಾಗೆಂದು ಚುಚ್ಚಿದ್ದಕ್ಕೆಲ್ಲ ಇಳಿಸಿದರೆ ಜನ ಹೋ ಎಂದು ಕೂಗಿ ಅವನನ್ನೇ ಕೆಳಗಿಳಿಸುತ್ತಿದ್ದರು. ಆದ್ದರಿಂದ ಬೈಯುವವನಿಗೂ ಲೆಕ್ಕ ಬೇಕು, ಬೈಸಿಕೊಳ್ಳುವವನಿಗೂ ಎದೆ ಬೇಕು. ಈ ಕಾನೂನು ಬೇರೆ ಯಾವ ಊರಿನಲ್ಲೂ ಇರಲಿಲ್ಲ. ಇಂಥದ್ದೊಂದು ತಮ್ಮ ಬಳಿ ಇದೆಯೆಂಬುದರ ಬೆಲೆ ಗೋದಾಮಿನವರಿಗೂ ಗೊತ್ತಿರಲಿಲ್ಲ.

ನಾದಿನಿ ಹಿಡಿದ ಮೈಕಿಗೆ ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಶುರುಮಾಡುತ್ತಿದ್ದಳು:

"ಬೆಳಗ್ಗೆ ಆರಕ್ಕೆ ಬಚ್ಚಲಿಗೆ ಹೋದ್ರೆ ಎಂಟಕ್ಕೆ ಬರ್ತಾಳೆ,
ಒಳಗೆ ಮಾಡೋದು ಸ್ನಾನಾನಾ, ಇಲ್ಲಾ ಬಾವಿ ತೋಡ್ತಾಳೆ?"

ಜನ ಟೈರು ಬಡಿಯುತ್ತಿದ್ದರು. ಮೈಕು ಅತ್ತಿಗೆಯ ಕೈಗೆ ಬರುತ್ತಿತ್ತು. ನಾದಿನಿ ಜಡೆ ಹಿಂದಕ್ಕೆಸೆದು ಉತ್ತರ ಕೊಡುತ್ತಿದ್ದಳು:

"ಅತ್ತಿಗೆ ಕೈಯಡುಗೆ ಉಂಡೋರು ಮಾತಾಡೋದೇ ಇಲ್ಲ,
ರುಚಿಗೆ ಮರುಳಾಗಿ ಅಲ್ಲ ಸ್ವಾಮಿ, ನೀರು ಕುಡಿದು ಮುಗಿದಿಲ್ಲ!"

ಅತ್ತಿಗೆಗೆ ತನ್ನ ಬಗ್ಗೆ ಯಾವತ್ತೂ ಅನುಮಾನವಿರಲಿಲ್ಲ. ಕಾಲರ್ ಹೊಲಿಯುತ್ತ ಕೂತಲ್ಲೇ ಸಾಲು ಕಟ್ಟುತ್ತಿದ್ದಳು. ಕಟ್ಟಿದ್ದು ತಲೆಯಲ್ಲೇ ಇರುತ್ತಿತ್ತು, ಒಂದಕ್ಷರ ಮರೆಯುತ್ತಿರಲಿಲ್ಲ. ಮರೆಯುವ ಹಾಗೂ ಇರಲಿಲ್ಲ, ಏಕೆಂದರೆ ಅವಳಿಗೆ ಓದು ಬರಹ ಬಾರದು. ಸಹಿ ಹಾಕಲು ಕಲಿತಿದ್ದಳು, ಅಷ್ಟೇ. ಇದು ಗೊತ್ತಿದ್ದದ್ದು ಗಂಡನಿಗೆ ಮತ್ತು ನಾದಿನಿಗೆ. ಬಸ್ ನಿಲ್ದಾಣದಲ್ಲಿ ನಾದಿನಿ ಬೋರ್ಡು ಓದಿ ಅತ್ತಿಗೆಯ ಬೆನ್ನು ತಟ್ಟುತ್ತಿದ್ದಳು, ಅತ್ತಿಗೆ ಮೊಣಕೈ ಬೀಸಿಕೊಂಡು ನುಗ್ಗಿ ಇಬ್ಬರಿಗೂ ಸೀಟು ಹಿಡಿಯುತ್ತಿದ್ದಳು. ನಾದಿನಿಗೂ ಒಂದು ಗುಟ್ಟಿತ್ತು. ಅವಳು ಔಷಧಿ ಅಂಗಡಿಯಲ್ಲಿ ದುಡಿಯುತ್ತಲೇ ಬರೆದ ಡಿಪ್ಲೊಮಾ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಅಣ್ಣನ ಮುಖ ನೋಡಿ ಹೇಳಲಾರದೆ "ಪಾಸಾದೆ ಅಣ್ಣ" ಎಂದುಬಿಟ್ಟಿದ್ದಳು. ಆ ಪುಣ್ಯಾತ್ಮ ಲಾರಿ ಸ್ಟ್ಯಾಂಡಿನಲ್ಲೆಲ್ಲ ಸಿಹಿ ಹಂಚಿ ಬಂದಿದ್ದ. ಮತ್ತೆ ಬರೆದು ಪಾಸಾಗುವವರೆಗೂ ಬಾಯಿ ಬಿಡುವುದಿಲ್ಲವೆಂದು ಅತ್ತಿಗೆ ಮಾತು ಕೊಟ್ಟಿದ್ದಳು. ಎಷ್ಟು ಶನಿವಾರ ಬಂದುಹೋದರೂ ಈ ಎರಡು ಗುಟ್ಟುಗಳು ಗೋದಾಮಿನ ಹತ್ತಿರ ಸುಳಿದಿರಲಿಲ್ಲ.

ಹೀಗಿರುವಾಗ ದೂರದ ದೊಡ್ಡ ಊರಿನ ಇಬ್ಬರು ರ‍್ಯಾಪರುಗಳ ಜಗಳ ಎಲ್ಲರ ಫೋನಿಗೆ ಬಂತು. ಅವರು ಒಬ್ಬರ ಮುಖ ಒಬ್ಬರು ನೋಡದೆ, ತಮ್ಮ ತಮ್ಮ ಕೋಣೆಯಲ್ಲಿ ಕೂತು, ಕಪ್ಪು ಕನ್ನಡಕ ಹಾಕಿ, ನಿದ್ದೆಗಣ್ಣಿನವರ ಹಾಗೆ ತೊದಲುತ್ತ ಒಬ್ಬರ ಮಾನ ಒಬ್ಬರು ಕಳೆಯುತ್ತಿದ್ದರು. ಇವನ ವಿಡಿಯೊಗೆ ಅವನ ವಿಡಿಯೊ ಉತ್ತರ. ಲಕ್ಷಗಟ್ಟಲೆ ಜನ ನೋಡಿದರು. ಗೋದಾಮಿನವರೂ ನೋಡಿದರು. ಬರೀ ನೋಡಿದ್ದರೆ ತಪ್ಪಿರಲಿಲ್ಲ. ಹುಲಿಯನ್ನು ನೋಡಿ ನರಿ ಮೈಗೆ ಬರೆ ಹಾಕಿಕೊಂಡಂತೆ ಇವರೂ ಶುರುಮಾಡಿದರು.

ಮೊದಲು ಬಂದದ್ದು ಕನ್ನಡಕ. ಮೊದಲೇ ಮಬ್ಬುಗತ್ತಲೆಯ ಗೋದಾಮು, ಅದರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಟೈರು ಎಡವಿ ಬಿದ್ದರು. ಆಮೇಲೆ ತೊದಲು ಬಂತು. ನಿನ್ನೆಯವರೆಗೆ ಗಂಟೆ ಹೊಡೆದಂತೆ ಮಾತಾಡುತ್ತಿದ್ದವರು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಗೊಣಗತೊಡಗಿದರು. ಎಲ್ಲರದೂ ಒಂದೇ ತಾಳ, ಫೋನಿನಿಂದ ಇಳಿಸಿಕೊಂಡದ್ದು. ಮಹಡಿಗಳ ಕಥೆ ಹೇಳುತ್ತಿದ್ದ ಲಿಫ್ಟ್ ತನ್ನ ಕಪ್ಪು ಕಾರಿನ ಬಗ್ಗೆ ಹಾಡಿದ. ಅವನಿಗಿದ್ದದ್ದು ಸೈಕಲ್ಲು, ಅದೂ ಚೈನು ಕಳಚುವಂಥದ್ದು. ಟೈರ್ ಅಂಗಡಿಯ ಹುಡುಗರು ಗನ್ನು ಗುಂಡು ಎಂದು ಗುಡುಗಿದರು. ಅವರು ಜನ್ಮದಲ್ಲಿ ಮುಟ್ಟಿದ್ದು ಟೈರಿಗೆ ಗಾಳಿ ಹೊಡೆಯುವ ಗನ್ನು ಒಂದೇ. ಆದರೂ ಶುರುವಿನಲ್ಲಿ ಇವರು ಫೋನಿಗೆ ಹಾಕಿದ ವಿಡಿಯೊಗಳಿಗೆ ಜನ ಮುತ್ತಿದ್ದು ಸುಳ್ಳಲ್ಲ, ಹೊಸದು ಕಂಡರೆ ಯಾರಿಗೆ ಬೇಡ?

ಈ ಭರಾಟೆಯಲ್ಲಿ ಒಬ್ಬ ದಲ್ಲಾಳಿಯೂ ಹುಟ್ಟಿಕೊಂಡ. ಮೊಬೈಲ್ ಅಂಗಡಿಯಲ್ಲಿ ಫೋನು ಮಾರುತ್ತಿದ್ದವನು, ಯಾರ ವಿಡಿಯೊ ಹೇಗೆ ಓಡಿಸಬೇಕೆಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. ಜನ ಅವನಿಗೆ 'ವೈರಲ್' ಎಂದು ಹೆಸರಿಟ್ಟರು. ಅವನು ಒಂದು ಸಂಜೆ ಅತ್ತಿಗೆಯ ಮನೆಗೇ ಬಂದ.

"ಅಕ್ಕ, ನಿಮ್ಮ ಜಗಳ ಚೆನ್ನಾಗಿದೆ. ಆದ್ರೆ ಬಿಸಿನೀರು, ಖಾರ, ಟವೆಲ್ಲು, ಇವೆಲ್ಲ ಈಗ ಓಡಲ್ಲ. ಈಗ ಓಡೋದು ದ್ವೇಷ. ನೀವಿಬ್ಬರೂ ಬೇರೆ ಆದ್ರಿ ಅಂತ ಸುದ್ದಿ ಬಿಡೋಣ. ಅವಳು ಒಂದು ವಿಡಿಯೊ, ನೀವು ಒಂದು ವಿಡಿಯೊ."

"ಮೈಕ್ ಹಿಡಿಯೋರು ಯಾರು?" ಎಂದು ಅತ್ತಿಗೆ ಕೇಳಿದಳು.

"ಇನ್ನೂ ಆ ಕಾಲದಲ್ಲೇ ಇದ್ದೀರಲ್ಲ ಅಕ್ಕ! ಫೋನೇ ಮೈಕು."

ನಾದಿನಿ ಕಣ್ಣರಳಿಸಿ ಕೇಳುತ್ತಿದ್ದಳು. ಅತ್ತಿಗೆಗೂ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ತನ್ನ ಮುಂದೆ ನಿನ್ನೆ ಮೊನ್ನೆ ಬಾಯಿಬಿಟ್ಟವರೆಲ್ಲ ಫೋನಿನಲ್ಲಿ ಮೆರೆಯುವಾಗ ತಾನು ಟೈರುಗಳ ನಡುವೆಯೇ ಉಳಿಯುವುದೆಂದರೇನು? ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು. ಅವಳು ನನ್ನ ಬಗ್ಗೆ ಏನು ಬೈಯಬೇಕೆಂದು ನಾನೇ ಕಟ್ಟಿಕೊಡುತ್ತೇನೆ, ನನ್ನ ಬೈಗುಳವನ್ನು ಅವಳು ಮೊದಲೇ ಕೇಳಿರಬೇಕು.

ಜಗಳ ನಿಜವೆಂದು ಜನ ನಂಬಬೇಕಾದರೆ ಒಂದೇ ಸೂರಿನಡಿ ಇರಬಾರದೆಂದು ವೈರಲ್ ಹೇಳಿದ. ನಾದಿನಿ ಔಷಧಿ ಅಂಗಡಿಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದಳು. ನಿಜವಾದ ಜಗಳವಾಡಿಕೊಂಡು ಒಟ್ಟಿಗೆ ಬಾಳುತ್ತಿದ್ದವರು ಸುಳ್ಳು ಜಗಳಕ್ಕಾಗಿ ಮನೆ ಒಡೆದದ್ದು ಜಗತ್ತಿನಲ್ಲಿ ಬೇರೆಲ್ಲೂ ನಡೆದಿರಲಿಕ್ಕಿಲ್ಲ. ಲಾರಿ ಇಳಿದು ಬಂದ ಗಂಡ ತಂಗಿಯ ಖಾಲಿ ಮಂಚ ನೋಡಿ ಬೆಪ್ಪಾದ.

"ನಿಮಗಿಬ್ಬರಿಗೂ ಜಗಳ ಏನೇ?"

"ಏನೂ ಇಲ್ಲ ರೀ."

"ಮತ್ತೆ ಅವಳು ಯಾಕೆ ಹೋದ್ಲು?"

"ಜಗಳ ಇದೆ ಅಂತ ತೋರಿಸೋಕೆ."

ಅವನು ತಲೆ ಕೆರೆದುಕೊಂಡು ಮಲಗಿದ. ಹೆಂಡತಿಯನ್ನು ಕೇಳಿದರೆ ತಂಗಿ ಮುನಿಸು, ತಂಗಿಯ ಪರ ನಿಂತರೆ ಹೆಂಡತಿ ಮುನಿಸು ಎಂದು ಇಷ್ಟು ದಿನ ಅತ್ತ ದರಿ ಇತ್ತ ಪುಲಿ ಆಗಿದ್ದವನಿಗೆ ಈಗ ದರಿಯೂ ಇಲ್ಲ, ಪುಲಿಯೂ ಇಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಮೊದಮೊದಲು ಮೋಜಾಗಿಯೇ ಇತ್ತು. ಅತ್ತಿಗೆ ಫೋನಿನಲ್ಲಿ ತನ್ನನ್ನೇ ಬೈಯುವ ಸಾಲು ಹೇಳಿಕೊಡುತ್ತಿದ್ದಳು. "ನನ್ನ ಮೂಗಿನ ಮೇಲೆ ಇನ್ನೊಂದು ಸಾಲು ಹಾಕೇ, ಇದು ಸಪ್ಪೆ" ಎಂದು ನಗುತ್ತಿದ್ದಳು. ವಿಡಿಯೊಗಳು ಓಡಿದವು. ಆದರೆ ಊರಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಒಬ್ಬನಾದ ಮೇಲೆ ಒಬ್ಬ, ಸ್ನೇಹಿತರೆಲ್ಲ ಜೋಡಿ ಜೋಡಿಯಾಗಿ ವೈರಿಗಳಾದರು. ಎಲ್ಲರೂ ಬೈಯುವವರೇ ಆದಾಗ ಬೈಗುಳಕ್ಕೆ ಬೆಲೆಯೆಲ್ಲಿ? ನೋಡುವವರು ಕಮ್ಮಿಯಾದರು. ಆಗ ವೈರಲ್ ಹೊಸ ಮಂತ್ರ ಹೇಳಿದ. ಆ ದೊಡ್ಡ ಊರಿನವರು ಈಗ ಒಬ್ಬರ ಗುಟ್ಟು ಒಬ್ಬರು ಬಯಲು ಮಾಡುತ್ತಿದ್ದಾರೆ, ಗುಟ್ಟಿಲ್ಲದ ವಿಡಿಯೊ ಇನ್ನು ಮುಂದೆ ಓಡುವುದಿಲ್ಲ.

ಅದಾದ ಕೆಲವು ದಿನಗಳಿಗೆ ಅತ್ತಿಗೆ ಊಟದ ಬಿಡುವಿನಲ್ಲಿ ಕೈತೊಳೆಯುತ್ತಿದ್ದಾಗ ಪಕ್ಕದ ಸಾಲಿನ ಹೆಂಗಸೊಬ್ಬಳ ಫೋನಿನಿಂದ ಪರಿಚಿತ ದನಿ ಕೇಳಿಸಿತು. ನಾದಿನಿಯ ಹೊಸ ವಿಡಿಯೊ, ಅತ್ತಿಗೆ ಹೇಳಿಕೊಡದ ಸಾಲು.

"ಸ್ಟೇಜಲ್ಲಿ ಹುಲಿಯಂತೆ, ಸಹಿಗೆ ಮಾತ್ರ ಹೆಬ್ಬೆಟ್ಟು,
ಬಸ್ ಬೋರ್ಡು ಓದ್ಕೊಟ್ಟಿದ್ದು ನಾನು, ಒಡೀತು ನೋಡಿ ಗುಟ್ಟು!"

ಅತ್ತಿಗೆಯ ಕೈ ನಲ್ಲಿಯ ಕೆಳಗೇ ಉಳಿಯಿತು. ಆ ಹೆಂಗಸು ಫೋನು ಮುಚ್ಚಿಕೊಂಡಳು. ಮುಚ್ಚಿಕೊಂಡದ್ದೇ ಅತ್ತಿಗೆಗೆ ಹೆಚ್ಚು ನೋವಾಯಿತು. ಸಂಜೆಯೊಳಗೆ ಇಡೀ ಕಾರ್ಖಾನೆಗೆ ಗೊತ್ತಾಗಿತ್ತು. ಸೂಪರ್‌ವೈಸರ್ ಅಳತೆಯ ಚೀಟಿ ತಂದು, "ಓದಿ ಹೇಳ್ಲಾ ಅಕ್ಕ?" ಎಂದು ಮೀಸೆಯಡಿ ನಕ್ಕ. ಮನೆಗೆ ಬಂದ ಮೇಲೆ ಗಂಡ ವಿಡಿಯೊದ ಕೆಳಗಿನ ಜನರ ಮಾತುಗಳನ್ನು ಓದಿ ಹೇಳತೊಡಗಿದ. ಓದು ಬಾರದವಳು ಸಾಲು ಹೇಗೆ ಕಟ್ಟುತ್ತಾಳೆ, ಎಲ್ಲ ಯಾರೋ ಬರೆದುಕೊಟ್ಟದ್ದು ಎಂದು ಒಬ್ಬ ಬರೆದಿದ್ದ. ಮುಂದಿನದ್ದನ್ನು ಓದದೆ ಗಂಡ ಫೋನನ್ನು ಮಗುಚಿಟ್ಟ.

"ಸಹಿ ಮಾಡೋಕೆ ಬರುತ್ತೆ ನನಗೆ. ಅಲ್ಲೂ ಸುಳ್ಳು" ಎಂದಳು ಅತ್ತಿಗೆ. ಅಷ್ಟು ಹೇಳಿ ಗೋಡೆಗೆ ಮುಖ ಮಾಡಿ ಕೂತು ಅತ್ತಳು. ಅವಳು ಅತ್ತದ್ದನ್ನು ಗಂಡ ಅದೇ ಮೊದಲು ನೋಡಿದ್ದು. ನಾದಿನಿ ಎದುರಿಗಿದ್ದಿದ್ದರೆ ಆ ಸಾಲು ಬಾಯಿಂದ ಹೊರಡುವ ಮೊದಲೇ ಅತ್ತಿಗೆಯ ಕೈ ಕೆಳಗಿಳಿಯುತ್ತಿತ್ತು. ಎದುರಿಗಿದ್ದಿದ್ದರೆ ಆ ಸಾಲು ಹುಟ್ಟುತ್ತಲೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಫೋನಿನ ಮುಂದೆ ಒಂಟಿಯಾಗಿ ಕೂತಾಗ ಬಾಯಿಗೆ ಯಾವ ಅಡ್ಡಿ?

ಮಾರನೆಯ ದಿನದಿಂದ ನಾದಿನಿಯ ಫೋನು ಬರುತ್ತಲೇ ಇತ್ತು. ಅತ್ತಿಗೆ ಎತ್ತಲಿಲ್ಲ.

ಇಷ್ಟರಲ್ಲಿ ಗೋದಾಮು ಮುಳುಗುತ್ತಿತ್ತು. ತಮ್ಮ ಮನೆಯ ಮಾತು ಎಲ್ಲಿ ಬೀದಿಗೆ ಬರುತ್ತದೋ ಎಂದು ಅಪ್ಪ ಅಮ್ಮಂದಿರು ಮಕ್ಕಳನ್ನು ತಡೆದರು. ಬೈದಾಡಿಕೊಂಡವರು ಒಬ್ಬರಿರುವ ಕಡೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಉಳಿದ ಕೇಳುಗರಿಗಾದರೂ ಬರಲು ಕಾರಣ ಬೇಕಲ್ಲ? ಫೋನಿನಲ್ಲಿ ಅಸಲಿಯೇ ಪುಕ್ಕಟೆ ಸಿಗುವಾಗ ನಕಲು ನೋಡಲು ಟೈರಿನ ಮೇಲೆ ಯಾರು ಕೂರುತ್ತಾರೆ? ತಮ್ಮ ಆಸ್ಪತ್ರೆಯ, ತಮ್ಮ ಬಚ್ಚಲಿನ, ತಮ್ಮ ಬಸ್ಸಿನ ಮಾತು ಕೇಳಲು ಬರುತ್ತಿದ್ದವರು ಅವರು. ಅದು ನಿಂತ ಮೇಲೆ ಅವರು ಬರುವುದೂ ನಿಂತಿತು. ಕೊನೆಕೊನೆಗೆ ಲಿಫ್ಟ್ ಒಬ್ಬನೇ ಬಂದು, ಖಾಲಿ ಟೈರುಗಳಿಗೆ ತನ್ನ ಇಲ್ಲದ ಕಾರಿನ ಕಥೆ ಹೇಳಿ ಹೋಗುತ್ತಿದ್ದ. ಟೈರಣ್ಣ ಒಂದು ಮೂಲೆಯಿಂದ ಹೊಸ ಟೈರು ಪೇರಿಸಲು ಶುರುಮಾಡಿದ.

ವೈರಲ್ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ನಿಂತ.

"ಅಕ್ಕ, ಇಡೀ ಊರು ನಿಮ್ಮ ಉತ್ತರ ಕಾಯ್ತಿದೆ. ಅವಳದ್ದೂ ಏನಾದ್ರೂ ಇರುತ್ತಲ್ಲ. ಒಂದೇ ಒಂದು ಗುಟ್ಟು ಬಿಡಿ, ನೋಡಿ ಆಮೇಲೆ!"

ಗುಟ್ಟು ಅತ್ತಿಗೆಯ ನಾಲಿಗೆಯ ತುದಿಯಲ್ಲೇ ಇತ್ತು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವಳು ನನ್ನ ಹೆಬ್ಬೆಟ್ಟಿನ ಮಾತಾಡುತ್ತಾಳೆಯೇ? ಅದಕ್ಕೆ ಪ್ರಾಸವೂ ಸಿದ್ಧವಾಗಿತ್ತು. ಕಾಲರ್ ಹೊಲಿಯುವಾಗ ಅದು ತಾನಾಗಿಯೇ ಕಟ್ಟಿಕೊಂಡಿತ್ತು, ಚೆನ್ನಾಗಿಯೂ ಇತ್ತು. ಒಂದು ಸಲ ಬಿಟ್ಟರೆ ಸಾಕು, ನಾದಿನಿ ಅಣ್ಣನ ಮುಖ ನೋಡುವ ಹಾಗಿರಲಿಲ್ಲ, ಮತ್ತೆ ಈ ಮನೆಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

"ಉತ್ತರ ಕೊಡ್ತೀನಿ" ಎಂದಳು ಅತ್ತಿಗೆ. "ಶನಿವಾರ, ಗೋದಾಮಲ್ಲಿ. ಫೋನಿಗಲ್ಲ. ಅವಳ ಕೈಯಲ್ಲಿ ಮೈಕ್ ಇರಬೇಕು. ಬರೋ ಧೈರ್ಯ ಇದ್ರೆ ಬರ್ಲಿ ಅಂತ ಹೇಳು."

ವೈರಲ್ ಅದನ್ನು ಊರಿಗೆಲ್ಲ ಸಾರಿದ. ಅತ್ತಿಗೆ ನಾದಿನಿಯ ಬಣ್ಣ ಬಯಲು ಮಾಡುತ್ತಾಳಂತೆ ಎಂದು ಜನ ತಾವೇ ಸೇರಿಸಿಕೊಂಡರು. ಶನಿವಾರ ಗೋದಾಮು ತುಂಬಿ ಬಾಗಿಲಾಚೆಗೂ ನಿಂತಿದ್ದರು. ಟೈರಣ್ಣ ಬೆವರೊರೆಸುತ್ತ, "ಹೀಗೇ ಜನ ಬಂದ್ರೆ ಟೈರು ಬೇರೆ ಕಡೆ ಹಾಕ್ತೀನಿ ಕಣಮ್ಮ" ಎಂದ. ಅತ್ತಿಗೆ ಆ ಮುಖಗಳನ್ನು ನೋಡಿದಳು. ಹಳಬರು ಅಲ್ಲೊಬ್ಬ ಇಲ್ಲೊಬ್ಬ. ಮಿಕ್ಕವರೆಲ್ಲ ಫೋನನ್ನು ಮೇಲೆತ್ತಿ ಸಿದ್ಧರಾಗಿದ್ದರು. ಹಾಡು ಕೇಳಲು ಬಂದವರ ಮುಖ ಹಾಗಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗಂಡ ಲಾರಿಯನ್ನು ಆಚೆ ನಿಲ್ಲಿಸಿ ಬಂದು ಹಿಂದೆ ಗೋಡೆಗೆ ಒರಗಿದ್ದ.

ನಾದಿನಿ ಬಂದಳು. ಸೊರಗಿದ್ದಳು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಒಬ್ಬಳೇ ಇದ್ದು ಏನು ತಿನ್ನುತ್ತಿದ್ದಳೋ. ಛೇ ಪಾಪ ಎನ್ನಿಸಿದ್ದಕ್ಕೆ ಅತ್ತಿಗೆಗೆ ತನ್ನ ಮೇಲೇ ರೇಗಿತು. ಯಾರೂ ಏನೂ ಹೇಳದೆ ನಾದಿನಿ ಮೈಕ್ ಎತ್ತಿಕೊಂಡು ಅತ್ತಿಗೆಯ ಬಾಯಿಗೆ ಹಿಡಿದಳು. ಅತ್ತಿಗೆ ತಾಳ ಹಾಕಲು ಬಂದವನನ್ನು ಬೇಡವೆಂದು ತಡೆದು, ಬರಿದನಿಯಲ್ಲಿ ಶುರುಮಾಡಿದಳು:

"ಹೌದಮ್ಮ, ಓದು ಬರಲ್ಲ, ಒಪ್ಕೊಂಡೆ ನಿಂತು ಇಲ್ಲಿ,
ಊರಿಗೆಲ್ಲ ಸಾರಿದ್ಯಾಕೆ, ನೀನಿದ್ದೆ ಪಕ್ಕದಲ್ಲಿ.
ಬಸ್ ಬೋರ್ಡು ನೀ ಓದ್ತಿದ್ದೆ, ನಾ ಹಿಡೀತಿದ್ದೆ ಸೀಟು,
ನಿನ್ನ ಕಣ್ಣು, ನನ್ನ ಮೊಣಕೈ, ಆಗಿತ್ತಲ್ಲ ನೀಟು!
ಬಾಡಿಗೆ ರೂಮಲ್ಲಿ ಕೂತು ಗೋಡೆಗೆ ಬೈದೆಯಲ್ಲ,
ಗೋಡೆ ಮೈಕ್ ಇಳಿಸುತ್ತಾ? ಅದಕ್ಕೆ ಕಣ್ಣೀರಿಲ್ಲ.
ಯಾರದೋ ಊರಿನ ಸಿಟ್ಟು ತಂದು ನನ್ನ ಮೇಲೆ ಸುರಿದೆ,
ನಮ್ಮನೆ ಸಿಟ್ಟು ಬಿಸಿ ಇತ್ತಲ್ಲೇ, ಅದನ್ಯಾಕೆ ತೊರೆದೆ?"

ನಾದಿನಿ ಮೈಕ್ ಇಳಿಸಲಿಲ್ಲ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಕೈ ಮಾತ್ರ ಅಲ್ಲೇ ಇತ್ತು. ಹಿಂದಿನಿಂದ ಯಾರೋ ಕೂಗಿದರು. "ಗುಟ್ಟು ಹೇಳಕ್ಕ! ಗುಟ್ಟು!" ಇನ್ನಷ್ಟು ಜನ ದನಿಗೂಡಿಸಿದರು. ಟೈರು ಬಡಿಯುವ ಸದ್ದು ಜೋರಾಯಿತು. ಆ ಸಿದ್ಧ ಸಾಲು ಅತ್ತಿಗೆಯ ಬಾಯೊಳಗೆ ಬಂದು ನಿಂತಿತ್ತು. ಎದುರಿಗೆ ನಾದಿನಿಯ ಮುಖ. ಅವಳಿಗೂ ಗೊತ್ತಿತ್ತು ಏನು ಬರಲಿದೆಯೆಂದು, ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು.

ಅತ್ತಿಗೆ ಅದನ್ನು ನುಂಗಿದಳು. ಮೈಕನ್ನು ನಾದಿನಿಯ ಕೈಯಿಂದ ತೆಗೆದು, ಅವಳ ಬಾಯಿಗೇ ಹಿಡಿದಳು.

"ನನ್ನದಾಯ್ತು. ಈಗ ನಿನ್ನ ಸರದಿ. ಆ ಹೆಬ್ಬೆಟ್ಟಿನ ಸಾಲು ಇದೆಯಲ್ಲ, ಅದನ್ನೇ ಹೇಳು. ನನ್ನ ಮುಖ ನೋಡ್ಕೊಂಡು ಹೇಳು. ನಾನು ಇಳಿಸಲ್ಲ."

ನಾದಿನಿ ಬಾಯಿ ತೆರೆದಳು. ಲಕ್ಷ ಜನರಿಗೆ ಹೇಳಿದ್ದ ಸಾಲು ಒಬ್ಬಳಿಗೆ ಹೇಳಲು ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಉಗುಳು ನುಂಗಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಜನ ಗೊಣಗತೊಡಗಿದರು. ಅತ್ತಿಗೆ ಕೈ ನೋಯುತ್ತಿದ್ದರೂ ಕದಲದೆ ನಿಂತಿದ್ದಳು.

ಕೊನೆಗೆ ನಾದಿನಿ ಅತ್ತಿಗೆಯ ಭುಜದಾಚೆ, ಹಿಂದಿನ ಗೋಡೆಯತ್ತ ನೋಡಿದಳು.

"ಅಣ್ಣ," ಎಂದಳು. "ನಾನು ಪರೀಕ್ಷೇಲಿ..."

ಅತ್ತಿಗೆ ಸರಕ್ಕನೆ ಮೈಕ್ ಇಳಿಸಿದಳು. "ಬೇಡ ಕಣೇ. ಅದು ಇಲ್ಲಿ ಹೇಳೋದಲ್ಲ."

ನಾದಿನಿ ಅತ್ತಿಗೆಯ ಮಣಿಕಟ್ಟು ಹಿಡಿದು ಮೈಕನ್ನು ಮೇಲಕ್ಕೆ ತಂದಳು. ತನ್ನ ಸಾಲಿಗಾಗಿ ಎದುರಾಳಿಯ ಕೈಯನ್ನು ತಾನೇ ಎತ್ತಿದವರು ಅದುವರೆಗೆ ಆ ಗೋದಾಮಿನಲ್ಲಿ ಯಾರೂ ಇರಲಿಲ್ಲ.

"ನಾನು ಪಾಸಾಗಿಲ್ಲ ಅಣ್ಣ. ಸುಳ್ಳು ಹೇಳಿದ್ದೆ. ಅತ್ತಿಗೆಗೆ ಗೊತ್ತಿತ್ತು, ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನು ಮಾತ್ರ ಅವಳದ್ದು ಊರಿಗೆಲ್ಲ ಹೇಳಿದೆ."

ಮುಂದಿನ ಸಾಲಿನವನೊಬ್ಬ, "ಅಯ್ಯೋ, ಇಷ್ಟೇನಾ? ಫೇಲಾಗಿದ್ದಾ?" ಎಂದ. ಫೋನುಗಳು ಒಂದೊಂದಾಗಿ ಕೆಳಗಿಳಿದವು. ರಕ್ತ ಸುರಿಯುತ್ತದೆಂದು ಬಂದವರಿಗೆ ಕಣ್ಣೀರು ಸಾಲಲಿಲ್ಲ. ವೈರಲ್ ಎಲ್ಲರಿಗಿಂತ ಮೊದಲು ಹೊರಟ. ಅವನ ಹಿಂದೆ ಬಾಗಿಲಾಚೆಯವರು, ಆಮೇಲೆ ಒಳಗಿನವರು. ನೋಡನೋಡುತ್ತ ಗೋದಾಮಿನಲ್ಲಿ ಟೈರುಗಳೇ ಹೆಚ್ಚಾದವು. ಟೈರಣ್ಣ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಆ ಖಾಲಿ ಜಾಗವನ್ನು ಅಳೆಯುವಂತೆ ನೋಡಿದ. ಮರುವಾರದಿಂದ ಅಲ್ಲಿ ಲೋಡು ಇಳಿಯುವುದೆಂದು ಎಲ್ಲರಿಗೂ ಅರ್ಥವಾಯಿತು. ಲಿಫ್ಟ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಗಂಡ ಮುಂದೆ ಬಂದು ತಂಗಿಯ ಎದುರಿಗೆ ನಿಂತ. ನಾದಿನಿ ತಲೆ ತಗ್ಗಿಸಿದಳು.

"ಸ್ಟ್ಯಾಂಡಿಗೆಲ್ಲ ಸಿಹಿ ಹಂಚಿಬಿಟ್ಟಿದ್ದೀನಲ್ಲೇ!" ಎಂದ ಅವನು, ನಿಜವಾಗಿಯೂ ಗಾಬರಿಯಿಂದ. "ತಿಂದೋರ ಹತ್ರ ವಾಪಸ್ ಕೇಳೋಕಾಗುತ್ತಾ? ಮತ್ತೆ ಬರಿ, ಪಾಸಾಗು. ಇನ್ನೇನು ಮಾಡೋದು?" ಅಷ್ಟು ಹೇಳಿ ಲಾರಿ ತರಲು ಹೋದ. ಹೋಗುವಾಗ ತಂಗಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದ.

ಮೈಕಿನ ಬಳಿ ಇಬ್ಬರೇ ಉಳಿದರು. ಅತ್ತಿಗೆ ಮೈಕಿನ ವೈರು ಸುತ್ತಿ ಟೈರಣ್ಣನಿಗೆ ಕೊಟ್ಟು ಬಂದಳು. ಅವಳಿಗೆ ಗೋದಾಮಿನ ಬಗ್ಗೆ ದುಃಖವಿತ್ತು, ಅದನ್ನು ಬಚ್ಚಿಡಲು ಅವಳು ಹೋಗಲಿಲ್ಲ. ಇಷ್ಟು ಒಳ್ಳೆಯ ಜಾಗವನ್ನು ಯಾರೂ ಬಂದು ಕಿತ್ತುಕೊಂಡಿರಲಿಲ್ಲ, ತಾವೇ ಕೈಯಾರೆ ಕಳೆದುಕೊಂಡದ್ದು. ಅದರಲ್ಲಿ ತನ್ನ ಪಾಲೂ ಇತ್ತು. ಆದರೆ ಸಾಲು ಕಟ್ಟುವುದು ಗೋದಾಮು ಕಲಿಸಿದ್ದಲ್ಲ, ಗೋದಾಮು ಮುಚ್ಚಿದರೆ ಅದು ನಿಲ್ಲುವುದೂ ಇಲ್ಲ. ಅದರ ಬಗ್ಗೆ ಅವಳಿಗೆ ಆಗಲೂ ಅನುಮಾನವಿರಲಿಲ್ಲ.

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ನಾದಿನಿ ಕದಲದೆ ನಿಂತಿದ್ದಳು.

"ಅತ್ತಿಗೆ, ನನ್ನನ್ನ ಕ್ಷಮಿಸಿದ್ಯಾ?"

"ಇಲ್ಲ" ಎಂದಳು ಅತ್ತಿಗೆ. ಸೆರಗಿನ ಧೂಳು ಕೊಡವಿಕೊಂಡು ಅವಳ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡಳು. "ಮನೆಗೆ ನಡಿ. ಎದುರಿಗಿಲ್ಲದೋರ ಮೇಲೆ ಸಿಟ್ಟು ಮಾಡೋಕೆ ನನಗೆ ಬರಲ್ಲ."